ನಿಮ್ಮನೆ ಆಮೆಗೆ ನೆಗಡಿಯೇ?

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಸಾಕು, ಮನೆಮಂದಿಗೆಲ್ಲ ಗೊತ್ತಾಗುತ್ತೆ. ಬೆಕ್ಕಿಗೆ ಹುಷಾರಿಲ್ಲ ಅಂದ್ರೆ ಮಂಚದ ಕೆಳಗೆ ಸೇರಿಕೊಂಡು ಮುಖ ತಿರುಗಿಸುತ್ತೆ. ಆದರೆ ಆಮೆ? ಅದು ಹುಷಾರಾಗಿದ್ದಾಗಲೂ ಕೂಗೋದಿಲ್ಲ, ಕುಣಿಯೋದಿಲ್ಲ. ಕಲ್ಲಿನ ಮೇಲೆ ಕೂತಿದ್ದು ಕೂತೇ ಇರುತ್ತೆ. ಕಾಯಿಲೆ ಬಿದ್ದಾಗಲೂ ಅಷ್ಟೇ! ಹಾಗಾಗಿ 'ಏನೋ ಸರಿಯಿಲ್ಲ' ಅಂತ ನಮಗೆ ಅನ್ನಿಸುವ ಹೊತ್ತಿಗೆ ಅದು ಎಷ್ಟೋ ದಿನಗಳಿಂದ ಒದ್ದಾಡುತ್ತಿರುತ್ತೆ.

ಫ್ಲ್ಯಾಟ್‌ಗಳಲ್ಲಿ ನಾಯಿ ಸಾಕಲು ಆಗದವರು, ಮಕ್ಕಳ ಹಟಕ್ಕೆ ಸೋತವರು, ವಾಸ್ತು ನಂಬುವವರು ಹೀಗೆ ಹಲವು ಮನೆಗಳಲ್ಲಿ ಇವತ್ತು ಗಾಜಿನ ತೊಟ್ಟಿಯೊಳಗೆ ಒಂದು ಪುಟ್ಟ ಆಮೆ ಇದೆ. ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಗೀಟು ಇದ್ದರೆ ಅದು ರೆಡ್ ಇಯರ್ಡ್ ಸ್ಲೈಡರ್. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಅಂಗಡಿಯಲ್ಲಿ ಕೊಳ್ಳುವಾಗ ಬಿಲ್ಲೆಯಷ್ಟಿರುತ್ತೆ. ಆಮೇಲೆ ಊಟದ ತಟ್ಟೆಯಷ್ಟಾಗುತ್ತೆ, ಇಪ್ಪತ್ತು ಮೂವತ್ತು ವರ್ಷ ಬಾಳುತ್ತೆ. ಇದನ್ನು ಅಂಗಡಿಯವರು ಹೇಳೋದು ಕಡಿಮೆ. ಅದಕ್ಕೆ ಕಾಯಿಲೆ ಬಂದರೆ ಏನು ಮಾಡಬೇಕು ಅನ್ನೋದನ್ನಂತೂ ಯಾರೂ ಹೇಳೋದಿಲ್ಲ.

ಮೂಗಿನಲ್ಲಿ ಗುಳ್ಳೆ ಕಂಡರೆ...

ಆಮೆಯ ಶ್ವಾಸಕೋಶ ಇರೋದು ಚಿಪ್ಪಿನ ಚಾವಣಿಗೆ ಅಂಟಿಕೊಂಡಂತೆ, ಬೆನ್ನಿನ ಕಡೆ. ನಮಗಿರುವಂತೆ ಎದೆ-ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ಅದಕ್ಕಿಲ್ಲ. ಹಾಗಾಗಿ ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಅದಕ್ಕೆ ಬರೋದಿಲ್ಲ. ಕಫ ಕಟ್ಟಿತೋ, ಅಲ್ಲೇ ಕೂತುಬಿಡುತ್ತೆ. ನೆಗಡಿ ಅಂತ ನಾವು ಅಂದುಕೊಂಡಿದ್ದು ನ್ಯುಮೋನಿಯಾ ಆಗಲು ಹೆಚ್ಚು ದಿನ ಬೇಡ.

ಮೂಗಿನ ಅಥವಾ ಬಾಯಿಯ ಹತ್ತಿರ ಗುಳ್ಳೆ, ಲೋಳೆ, ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುವುದು, ಉಸಿರಾಡುವಾಗ ಸಣ್ಣಗೆ ಶಿಳ್ಳೆಯಂಥ ಸದ್ದು, ಊಟ ಬಿಡುವುದು, ನೀರಿಗಿಳಿಯದೆ ಇಡೀ ದಿನ ಕಲ್ಲಿನ ಮೇಲೇ ಕೂರುವುದು, ಕಣ್ಣು ಊದಿ ಮುಚ್ಚಿಕೊಳ್ಳುವುದು. ಇವೆಲ್ಲ ಲಕ್ಷಣಗಳು. ಇವುಗಳಲ್ಲಿ ತುಂಬಾ ಜನ ಗಮನಿಸದ ಇನ್ನೊಂದಿದೆ: ಆಮೆ ನೀರಿನಲ್ಲಿ ಒಂದೇ ಪಕ್ಕಕ್ಕೆ ವಾಲಿ ತೇಲುವುದು. ಒಂದು ಶ್ವಾಸಕೋಶದಲ್ಲಿ ಗಾಳಿ, ಇನ್ನೊಂದರಲ್ಲಿ ಕಫ ಇದ್ದರೆ ದೋಣಿ ಒಂದು ಕಡೆ ವಾಲಿದ ಹಾಗೆ ಆಗುತ್ತೆ. 'ಏನ್ ಚಂದ ಆಟ ಆಡ್ತಿದೆ ನೋಡಿ' ಅಂತ ಮೊಬೈಲಿನಲ್ಲಿ ವಿಡಿಯೊ ತೆಗೆಯುವವರಿದ್ದಾರೆ. ಅದು ಆಟ ಅಲ್ಲ, ಅವತ್ತೇ ವೈದ್ಯರನ್ನು ಹುಡುಕಬೇಕಾದ ಸೂಚನೆ.

ಇನ್ನೊಂದು ಮಾತು ಎಲ್ಲ ಮನೆಗಳಲ್ಲೂ ಕೇಳುತ್ತೇನೆ. 'ಚಳಿಗಾಲ ಅಲ್ವಾ, ನಿದ್ದೆ ಮಾಡ್ತಿದೆ ಬಿಡಿ.' ಶೀತದೇಶಗಳಲ್ಲಿ ಆಮೆಗಳು ಕೆರೆಯ ತಳದ ಕೆಸರಿನಲ್ಲಿ ತಿಂಗಳುಗಟ್ಟಲೆ ಮಲಗುವುದು ನಿಜ. ಆದರೆ ನಮ್ಮ ಮನೆಯ ಹಾಲ್‌ನಲ್ಲಿ ಅಷ್ಟು ಚಳಿಯೂ ಇರೋದಿಲ್ಲ, ತಿಂದಿದ್ದು ಜೀರ್ಣ ಆಗುವಷ್ಟು ಬೆಚ್ಚಗೂ ಇರೋದಿಲ್ಲ. ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ. ಈ ನಡುವಿನ ಸ್ಥಿತಿಯಲ್ಲಿಯೇ ಆಮೆಯ ರೋಗನಿರೋಧಕ ಶಕ್ತಿ ಕುಗ್ಗಿ ಸೋಂಕು ಹತ್ತೋದು.

ಮದ್ದಿಗಿಂತ ಮೊದಲು ಶಾಖ

ನನ್ನ ತವರು ತುಬಚಿ. ಪೇಪರಿನಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿ ಅಂತ ಓದಿರುತ್ತೀರಲ್ಲ, ಅದೇ ಜಮಖಂಡಿ ತಾಲೂಕಿನ ತುಬಚಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಕೆಂಡ. ಆದರೆ ಡಿಸೆಂಬರ್ ಬಂತು ಅಂದ್ರೆ ಕೃಷ್ಣಾ ಹೊಳೆ, ಸುತ್ತ ಕಬ್ಬಿನ ಗದ್ದೆ, ರಾತ್ರಿ ಗಡಗಡ ನಡುಗುವ ಚಳಿ. 15 ಡಿಗ್ರಿ ಆಸುಪಾಸಿಗೆ ಇಳಿಯುವುದು ಹೊಸದೇನಲ್ಲ. ಅಂಥ ಒಂದು ಚಳಿಗಾಲದಲ್ಲಿ ಅಣ್ಣನ ಮಗಳ ಆಮೆ ಊಟ ಬಿಟ್ಟಿತು. ನಾಲ್ಕು ವರ್ಷದ ಹಿಂದೆ ತಂದಿದ್ದ, ಅಂಗೈ ಅಗಲದ ಸ್ಲೈಡರ್. ವಾರ ಕಳೆದ ಮೇಲೆ ಮೂಗಿನಲ್ಲಿ ಗುಳ್ಳೆ, ನೀರಿಗೆ ಬಿಟ್ಟರೆ ಎಡಗಡೆ ವಾಲೋದು. ಹುಡುಗಿ ಕಾಲೇಜಿಗೆ ಹೋಗದೆ ಅಳುತ್ತಾ ಕೂತಳು. ಆರೈಕೆ ಬಿದ್ದಿದ್ದು ಮಾತ್ರ ನಮ್ಮ ವೈನಿಯ ತಲೆಮೇಲೆ. ಇದು ನಮ್ಮೆಲ್ಲರ ಮನೆ ಕಥೆಯೇ ತಾನೇ? ಸಾಕೋದು ಮಕ್ಕಳು, ತೊಟ್ಟಿ ತೊಳೆಯೋದು ತಾಯಂದಿರು!

ವೈನಿ ಅದನ್ನು ಟವೆಲ್ ಹಾಸಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಟ್ಟುಕೊಂಡು ತಾಲೂಕಿನ ಪಶುವೈದ್ಯರ ಹತ್ತಿರ ಹೋದರು. ದಿನಾ ಎಮ್ಮೆ, ಆಕಳು, ಆಡು ನೋಡುವ ಡಾಕ್ಟರು. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ಬುಟ್ಟಿ ಇಣುಕಿ ನೋಡಿ ನಕ್ಕರಂತೆ. ಆದರೆ ಆ ಡಾಕ್ಟರು ನಗಲಿಲ್ಲ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ತಮ್ಮ ಸಹಪಾಠಿಗೆ ಅಲ್ಲಿಂದಲೇ ಫೋನ್ ಹಚ್ಚಿ, ಆಮೆಯನ್ನು ತೂಗಿ, ಬಾಯಿ ತೆರೆಸಿ ನೋಡಿ, ಮಾತಾಡಿ, ಕೊನೆಗೆ ವೈನಿಗೆ ಹೇಳಿದ್ದು ಇಷ್ಟು: "ನೋಡ್ರಿ ಅಕ್ಕಾರ, ಸೂಜಿ ನಾ ಮಾಡ್ತೀನಿ. ಬೆಚ್ಚಗ ಇಡೂದು ನಿಮ್ಮ ಕೆಲಸ. ನೀವು ನಿಮ್ಮ ಕೆಲಸ ಮಾಡಲಿಲ್ಲಂದ್ರ ನನ್ನ ಸೂಜಿ ಏನೂ ಮಾಡಂಗಿಲ್ಲ."

ಆಮೆಯ ಕಾಯಿಲೆ ಬಗ್ಗೆ ತಿಳಿಯಬೇಕಾದ ಮುಖ್ಯ ಮಾತು ಇದೇ. ನಮಗೆ ಸೋಂಕು ಬಂದರೆ ಮೈ ತಾನಾಗಿ ಬಿಸಿಯಾಗುತ್ತೆ. ಅದೇ ಜ್ವರ. ಆಮೆಯದು ಸುತ್ತಲಿನ ಶಾಖಕ್ಕೆ ತಕ್ಕಂತೆ ಏರಿಳಿಯುವ ಮೈ. ಅದಕ್ಕೆ ಜ್ವರ ಬರಿಸಿಕೊಳ್ಳಬೇಕು ಅಂದ್ರೆ ಬಿಸಿಲಿರುವ ಜಾಗಕ್ಕೆ ನಡೆದು ಹೋಗಬೇಕು. ಕಾಡಿನಲ್ಲಿ, ಹೊಳೆಯಲ್ಲಿ ಅದು ಹಾಗೇ ಮಾಡುತ್ತೆ. ಗಾಜಿನ ತೊಟ್ಟಿಯೊಳಗೆ ಎಲ್ಲಿಗೆ ಹೋದೀತು? ತಣ್ಣನೆಯ ಮೈಯಲ್ಲಿ ರಕ್ತದ ಓಟ ನಿಧಾನ, ರೋಗದ ಜೊತೆ ಹೋರಾಡುವ ಕಣಗಳೂ ನಿಧಾನ, ಚುಚ್ಚಿದ ಔಷಧಿ ಎಲ್ಲಿ ತಲುಪಬೇಕೋ ಅಲ್ಲಿಗೆ ತಲುಪುವುದೂ ನಿಧಾನ. ಅದಕ್ಕೇ ಎಷ್ಟು ದುಬಾರಿ ಇಂಜೆಕ್ಷನ್ ಕೊಡಿಸಿದರೂ ತಣ್ಣೀರಿನ ತೊಟ್ಟಿಗೆ ವಾಪಸ್ ಬಿಟ್ಟರೆ ಆಮೆ ಉಳಿಯೋದು ಕಷ್ಟ.

ಹಾಗಾದರೆ ಎಷ್ಟು ಬೆಚ್ಚಗಿರಬೇಕು? ಕಾಯಿಲೆ ಬಿದ್ದ ಸ್ಲೈಡರ್‌ಗೆ ನೀರು 27ರಿಂದ 29 ಡಿಗ್ರಿ ಸೆಲ್ಸಿಯಸ್, ಹತ್ತಿ ಕೂರುವ ಒಣ ಜಾಗ ಅದಕ್ಕಿಂತಲೂ ಬೆಚ್ಚಗೆ. ಇದು ಹಗಲು ಮಾತ್ರ ಅಲ್ಲ, ರಾತ್ರಿಯೂ. ಕೈ ಅದ್ದಿ ನೋಡಿ ಅಂದಾಜು ಮಾಡಬೇಡಿ. ನಮ್ಮ ಕೈಗೆ 29 ಡಿಗ್ರಿ ನೀರು ತಣ್ಣಗೇ ಅನ್ನಿಸುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಥರ್ಮಾಮೀಟರ್ ಮತ್ತು ಹೀಟರ್ ತನ್ನಿ. ಹೀಟರ್‌ಗೆ ಜಾಲರಿ ಕವಚ ಇರಲಿ, ಇಲ್ಲದಿದ್ದರೆ ಆಮೆ ಅದಕ್ಕೇ ಒರಗಿ ಸುಟ್ಟುಕೊಳ್ಳುತ್ತೆ. ತಣ್ಣಗಿದ್ದ ನೀರನ್ನು ಒಮ್ಮೆಲೇ ಬಿಸಿ ಮಾಡಬೇಡಿ, ಕೆಲವು ಗಂಟೆಗಳಲ್ಲಿ ನಿಧಾನವಾಗಿ ಏರಿಸಿ. ನೀರಿನ ಆಳ ಮಾತ್ರ ಕಡಿಮೆ ಮಾಡಿ. ಆಮೆ ತೊಟ್ಟಿಯ ತಳದಲ್ಲಿ ನಿಂತು ಕತ್ತು ಎತ್ತಿದರೆ ಮೂಗು ಹೊರಗಿರಬೇಕು. ಈಜಲು ಶಕ್ತಿ ಇಲ್ಲದ ಆಮೆ ನೀರಿನಲ್ಲಿ ಮುಳುಗಿ ಸಾಯುತ್ತೆ ಅಂದ್ರೆ ಅನೇಕರು ನಂಬೋದಿಲ್ಲ. ಅದೂ ನಮ್ಮ ಹಾಗೆ ಗಾಳಿಯನ್ನೇ ಉಸಿರಾಡುವ ಜೀವ.

ತುಬಚಿಯಲ್ಲಿ ಕರೆಂಟು ಹೇಳಿ ಕೇಳಿ ಹೋಗೋದಿಲ್ಲ. ವೈನಿ ಮಾಡಿದ ಉಪಾಯ ಹೇಳ್ತೀನಿ ಕೇಳಿ. ತೊಟ್ಟಿಗೆ ಮೂರು ಕಡೆ ಥರ್ಮೋಕೋಲ್ ಹಾಳೆ, ಮೇಲೆ ಗಾಳಿಯಾಡಲು ಸ್ವಲ್ಪ ಜಾಗ ಬಿಟ್ಟು ಹಳೆಯ ಕೌದಿ. ಕರೆಂಟು ಹೋದಾಗ ಹಂಡೆಯ ಬಿಸಿನೀರು ತುಂಬಿ ಗಟ್ಟಿ ಮುಚ್ಚಳ ಹಾಕಿದ ಬಾಟಲಿಗೆ ಬಟ್ಟೆ ಸುತ್ತಿ ಒಣ ಜಾಗದ ಪಕ್ಕದಲ್ಲಿ ಇಡೋದು. ನಮ್ಮ ಅವ್ವ ಮಾತ್ರ ಬಾಗಿಲಲ್ಲಿ ಕೂತು, "ನೀರಾಗಿನ ಜೀವಕ್ಕ ಬಿಸಿ ಯಾಕ ಬೇಕವಾ? ಹೊಳಿಗೆ ಯಾರ್ ಬೆಂಕಿ ಹಚ್ತಾರ?" ಅಂತ ಗೊಣಗುತ್ತಿದ್ದಳು. ಹೊಳೆಗೆ ಸೂರ್ಯ ಇದಾನಲ್ಲ!

ಆ ಸೂರ್ಯನ ಬಗ್ಗೆಯೂ ಒಂದು ಮಾತು. ಬೆಳಗಿನ ಎಳೆಬಿಸಿಲು ಆಮೆಗೆ ಒಳ್ಳೆಯದು, ಚಿಪ್ಪಿಗೆ ಬೇಕಾದ ವಿಟಮಿನ್ ಡಿ ತಯಾರಾಗುವುದು ಅದರಿಂದಲೇ. ಆದರೆ ಕಿಟಕಿಯ ಗಾಜು ದಾಟಿ ಬಂದ ಬಿಸಿಲಿನಲ್ಲಿ ಆ ಗುಣ ಉಳಿದಿರೋದಿಲ್ಲ. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟರಂತೂ ಕೆಲವೇ ನಿಮಿಷದಲ್ಲಿ ಒಳಗೆ ಒಲೆಯಾಗುತ್ತೆ. ಅಗಲವಾದ ಟಬ್, ಅರ್ಧಕ್ಕೆ ನೆರಳು, ಪಕ್ಕದಲ್ಲಿ ನೀವು. ಹೀಗಿದ್ದರೆ ಮಾತ್ರ ಬಿಸಿಲು ಕಾಯಿಸಿ. ಹದ್ದು, ಕಾಗೆ, ಬೆಕ್ಕಿನ ಮೇಲೂ ಕಣ್ಣಿರಲಿ.

ಮೂರು ದಿನಕ್ಕೊಂದು ಸೂಜಿ

ಆ್ಯಂಟಿಬಯಾಟಿಕ್ ಅಂದ ಕೂಡಲೇ ನಮಗೆ ನೆನಪಾಗೋದು ದಿನಕ್ಕೆ ಎರಡು ಮಾತ್ರೆ, ಐದು ದಿನ. ಆಮೆಯ ಲೆಕ್ಕವೇ ಬೇರೆ. ಅದರ ಮೈ ಔಷಧಿಯನ್ನು ನಿಧಾನವಾಗಿ ಕರಗಿಸಿ ಹೊರಹಾಕುತ್ತೆ. ಆಮೆ, ಹಾವುಗಳಿಗೆ ವೈದ್ಯರು ಹೆಚ್ಚಾಗಿ ಆರಿಸುವ ಸೆಫ್ಟಾಜಿಡೀಮ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ, ಅಂದ್ರೆ ಮೂರು ದಿನಕ್ಕೊಮ್ಮೆ ಚುಚ್ಚುತ್ತಾರೆ. ಎನ್‌ರೋಫ್ಲಾಕ್ಸಾಸಿನ್ ಇನ್ನೊಂದು. ಅದು ದನಕರುಗಳಿಗೂ ಕೊಡುವುದರಿಂದ ತಾಲೂಕು ಊರುಗಳಲ್ಲೂ ಸುಲಭವಾಗಿ ಸಿಗುತ್ತೆ. ಆದರೆ ಚುಚ್ಚಿದ ಜಾಗದಲ್ಲಿ ಬಹಳ ಉರಿಯುತ್ತೆ, ಮಾಂಸಖಂಡಕ್ಕೆ ಗಾಯವೂ ಆಗಬಹುದು. ಯಾವುದನ್ನು, ಎಷ್ಟು, ಎಷ್ಟು ದಿನ ಅನ್ನೋದು ಆಮೆಯ ತೂಕ ನೋಡಿ ವೈದ್ಯರು ನಿರ್ಧರಿಸುವ ಮಾತು. ನಾನಿಲ್ಲಿ ಬೇಕಂತಲೇ ಪ್ರಮಾಣ ಬರೆಯುತ್ತಿಲ್ಲ.

ನೀವು ವೈದ್ಯರನ್ನು ಕೇಳಬಹುದಾದ ಒಂದು ಪ್ರಶ್ನೆ ಇದೆ: 'ಮುಂಗಾಲಿಗೇ ಚುಚ್ಚುತ್ತೀರಲ್ಲ ಡಾಕ್ಟರೇ?' ಆಮೆಯ ಹಿಂಭಾಗದ ರಕ್ತ ಇಡೀ ಮೈ ಸುತ್ತುವ ಮುನ್ನ ಮೂತ್ರಪಿಂಡದ ದಾರಿಯಲ್ಲಿ ಹಾದುಹೋಗಬಹುದು. ಹಿಂಗಾಲಿಗೆ ಚುಚ್ಚಿದರೆ ಔಷಧಿ ಮೊದಲು ಅಲ್ಲಿಗೇ ತಲುಪಿ ವ್ಯರ್ಥ ಆಗಬಹುದು, ಕೆಲವು ಔಷಧಿಗಳಿಂದ ಮೂತ್ರಪಿಂಡಕ್ಕೇ ಪೆಟ್ಟಾಗಬಹುದು. ಅದಕ್ಕೇ ಇಂಜೆಕ್ಷನ್ ಮೈಯ ಮುಂದಿನ ಅರ್ಧಕ್ಕೆ ಅನ್ನೋದು ರೂಢಿ. ದನದ ಡಾಕ್ಟರಿಗೆ ಆಮೆ ಅಪರೂಪದ ರೋಗಿ. ನೀವು ವಿನಯದಿಂದ ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ.

ತುಬಚಿಯಿಂದ ಮೂರು ದಿನಕ್ಕೊಮ್ಮೆ ಬುಟ್ಟಿ ಹಿಡಿದು ಬಸ್ಸು ಹತ್ತೋದು ಆಗದ ಮಾತು. ಅದಕ್ಕೆ ಡಾಕ್ಟರು ಎರಡು ಸಲ ತಮ್ಮೆದುರಿಗೇ ವೈನಿಯ ಕೈಯಿಂದ ಮಾಡಿಸಿ, ಉಳಿದ ಡೋಸುಗಳನ್ನು ಸಣ್ಣ ಸಿರಿಂಜುಗಳಲ್ಲಿ ತುಂಬಿ ಕೊಟ್ಟರು. ಸೆಫ್ಟಾಜಿಡೀಮನ್ನು ಹೀಗೆ ಅಳೆದು ತುಂಬಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದೊಂದೇ ತೆಗೆದು ಕರಗಿಸಿ ಬಳಸುವುದುಂಟು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಆಮೆ ಔಷಧ' ಅಂತ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ವೈದ್ಯರು ಕೈಹಿಡಿದು ಕಲಿಸದೆ ನೀವಾಗಿ ಸೂಜಿ ಹಿಡಿಯಬೇಡಿ.

ಚುಚ್ಚುವಾಗ ಇಬ್ಬರು ಬೇಕು. ಒಬ್ಬರು ಟವೆಲ್‌ನಲ್ಲಿ ಆಮೆಯನ್ನು ಸುತ್ತಿ ಹಿಡಿದು ಮುಂಗಾಲನ್ನು ಮೆಲ್ಲಗೆ ಹೊರಗೆಳೆಯಬೇಕು. ಎಳೆದಾಡಬಾರದು, ಅದು ತಾನಾಗಿ ಸಡಿಲ ಬಿಡುವವರೆಗೆ ಕಾಯಬೇಕು. ಒಂದು ಸಲ ಎಡಗಾಲು, ಮುಂದಿನ ಸಲ ಬಲಗಾಲು. ನಮ್ಮ ವೈನಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ 'ಎ', 'ಬ' ಅಂತ ಗುರುತು ಹಾಕಿದ್ದರು. ಒಟ್ಟು ಏಳು ಸೂಜಿ, ಹೆಚ್ಚುಕಡಿಮೆ ಮೂರು ವಾರ. ಮೂರನೇ ಸೂಜಿಗೇ ಗುಳ್ಳೆ ನಿಂತಿತ್ತು. 'ಸಾಕು ಬಿಡು, ಪಾಪ' ಅಂತ ಮನೆಯಲ್ಲಿ ಎಲ್ಲರೂ ಅಂದರಂತೆ. ವೈನಿ ಬಿಡಲಿಲ್ಲ. ಬಿಡಬಾರದು ಕೂಡ. ಅರ್ಧಕ್ಕೆ ನಿಲ್ಲಿಸಿದರೆ ಉಳಿದುಕೊಂಡ ರೋಗಾಣುಗಳು ಗಟ್ಟಿಯಾಗಿ ಮತ್ತೆ ಏಳುತ್ತವೆ, ಆಗ ಅದೇ ಔಷಧಿ ನಾಟೋದಿಲ್ಲ.

ಊಟಕ್ಕೆ ಅವಸರ ಬೇಡ

ನಮಗೆ ಹೆಂಗಸರಿಗೆ ಒಂದು ಗುಣ. ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಗಂಜಿ ಬೇಯಿಸುತ್ತೇವೆ! ಆಮೆಯ ವಿಷಯದಲ್ಲಿ ಅದು ಹಿಂದುಮುಂದು. ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಊಟ. ಮೈ ತಣ್ಣಗಿರುವಾಗ ಬಲವಂತವಾಗಿ ತಿನ್ನಿಸಿದರೆ ಜೀರ್ಣ ಆಗದೆ ಹೊಟ್ಟೆಯಲ್ಲೇ ಕೊಳೆಯುತ್ತೆ. ದೊಡ್ಡ ಆಮೆ ವಾರವೆರಡು ವಾರ ತಿನ್ನದೆ ತಡೆದುಕೊಳ್ಳಬಲ್ಲದು. ಆದರೆ ನೀರಿನಂಶ ಕಡಿಮೆಯಾದರೆ ತಡೆಯೋದಿಲ್ಲ. ಕಣ್ಣು ಗುಳಿಬಿದ್ದಿದ್ದರೆ, ಚರ್ಮ ಸಡಿಲವಾಗಿ ಸುಕ್ಕುಗಟ್ಟಿದ್ದರೆ ವೈದ್ಯರು ಚರ್ಮದಡಿ ಸಲೈನ್ ಕೊಡುತ್ತಾರೆ. ಕೆಲವು ಆ್ಯಂಟಿಬಯಾಟಿಕ್‌ಗಳನ್ನು ಮೈಯಲ್ಲಿ ನೀರಿನಂಶ ಸರಿಯಾದ ಮೇಲೆಯೇ ಕೊಡಬೇಕು, ಇಲ್ಲದಿದ್ದರೆ ಮೂತ್ರಪಿಂಡ ಕೆಡುತ್ತೆ. ಒಣ ಜಾಗದಲ್ಲಿ ಇಟ್ಟು ಆರೈಕೆ ಮಾಡುತ್ತಿದ್ದರೆ ದಿನಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ, ಗದ್ದದ ಮಟ್ಟಕ್ಕಿಂತ ಕೆಳಗೆ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ.

ಆಮೆ ಚುರುಕಾದ ಮೇಲೆ ತಾನೇ ಬಾಯಿ ಹಾಕುತ್ತೆ. ಆಗ ಸಣ್ಣ ಮೀನಿನ ಚೂರು, ಎರೆಹುಳು, ಒಳ್ಳೆಯ ಪೆಲೆಟ್. ಜೊತೆಗೆ ತುರಿದ ಗಜ್ಜರಿ, ಕುಂಬಳಕಾಯಿ, ಸೊಪ್ಪು. ಎರಡು ವಾರದ ಮೇಲೂ ಊಟ ಮುಟ್ಟದಿದ್ದರೆ ನಳಿಕೆಯಿಂದ ಉಣಿಸುವುದು ವೈದ್ಯರ ಕೆಲಸ. ಬಾಯಿ ಸೀಳಿ ಅನ್ನ ತುರುಕಬೇಡಿ.

ವಾಸಿಯಾಗುತ್ತಿದೆಯೋ ಇಲ್ಲವೋ ತಿಳಿಯಲು ಅತ್ಯಂತ ನಂಬಿಕೆಯ ಸಾಧನ ತಕ್ಕಡಿ. ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಆಮೆಗಂತಲೇ ಬೇರೆ ಇಡಿ, ಎರಡು ದಿನಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತುಬಚಿಯ ಆಮೆ ಮೊದಲ ದಿನ 380 ಗ್ರಾಂ ಇತ್ತು. ನಡುವೆ 366ಕ್ಕೆ ಇಳಿಯಿತು. ಊಟ ಶುರುಮಾಡಿದ್ದು ಹದಿನಾರನೇ ದಿನ, ಅದೂ ಒಂದೇ ಒಂದು ಚೂರು ಮೀನು. ಆ ದಿನ ವೈನಿ ಫೋನ್ ಮಾಡಿ ಹೇಳಿದ್ದು, ತಮ್ಮ ಮಗಳು ಹತ್ತನೇ ತರಗತಿ ಪಾಸಾದಾಗ ಹೇಳಿದ್ದಕ್ಕಿಂತ ಜೋರಾಗಿತ್ತು! ಐದನೇ ವಾರಕ್ಕೆ ತೂಕ 391.

ಕಣ್ಣು ಊದಿದರೆ, ಚಿಪ್ಪು ಮೆತ್ತಗಾದರೆ

ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಅನೇಕ ಸಲ ಕಾರಣ ಊಟದಲ್ಲೇ ಇರುತ್ತೆ. ಅಂಗಡಿಯಲ್ಲಿ ಕೊಡುವ ಒಣ ಸಿಗಡಿಯನ್ನೇ ವರ್ಷಗಟ್ಟಲೆ ಹಾಕಿದರೆ ವಿಟಮಿನ್ ಎ ಕೊರತೆಯಾಗುತ್ತೆ. ಕಣ್ಣು ಕಾಣದ ಆಮೆ ತಿನ್ನೋದಿಲ್ಲ, ತಿನ್ನದ ಆಮೆಗೆ ಕೊರತೆ ಇನ್ನೂ ಹೆಚ್ಚುತ್ತೆ. ಶ್ವಾಸಕೋಶದ ಸೋಂಕಿಗೂ ಇದೇ ದಾರಿ ಮಾಡಿಕೊಡುವುದುಂಟು. ವಿಟಮಿನ್ ಎ ಇಂಜೆಕ್ಷನ್ ಇದೆ, ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಚರ್ಮವೇ ಸುಲಿದು ಬರುತ್ತೆ. ಅದಕ್ಕಿಂತ ಊಟ ಬದಲಿಸುವುದು ಸುರಕ್ಷಿತ.

ಚಿಪ್ಪಿನಲ್ಲಿ ಮೆತ್ತಗಿನ ಜಾಗ, ಕೆಂಪು ಕಲೆ, ಕೆಟ್ಟ ವಾಸನೆ ಇದ್ದರೆ ಚಿಪ್ಪು ಕೊಳೆಯುತ್ತಿದೆ ಎಂದರ್ಥ. ಚಿಪ್ಪು ಅಂದ್ರೆ ಹೊದ್ದುಕೊಂಡ ಕವಚ ಅಲ್ಲ, ಬೆನ್ನೆಲುಬು, ಪಕ್ಕೆಲುಬು ಸೇರಿಯೇ ಆದ ಮೂಳೆ. ಅಲ್ಲಿನ ಸೋಂಕು ಒಳಗಿಳಿದರೆ ಕಷ್ಟ. ಕೋಲ್ಕತ್ತಾದ ಅಲಿಪುರ ಮೃಗಾಲಯದಲ್ಲಿದ್ದ 'ಅದ್ವೈತ' ಎಂಬ ದೈತ್ಯ ಆಮೆ ನೆನಪಿದೆಯೇ? ಇನ್ನೂರು ವರ್ಷ ದಾಟಿತ್ತು ಅಂತ ಹೇಳಲಾಗುತ್ತಿದ್ದ ಆ ಹಿರಿಯ ಜೀವ ಸತ್ತಿದ್ದು 2006ರ ಮಾರ್ಚ್‌ನಲ್ಲಿ. ಅದಕ್ಕೆ ಕೆಲ ತಿಂಗಳ ಮುಂಚೆ ಚಿಪ್ಪು ಬಿರುಕುಬಿಟ್ಟು ಒಳಗೆ ಗಾಯವಾಗಿತ್ತು. ಚಿಪ್ಪಿನ ಸಣ್ಣ ಗಾಯವನ್ನು ವೈದ್ಯರು ಹೇಳಿದ ಹಾಗೆ ತೆಳುಮಾಡಿದ ಪೊವಿಡೋನ್ ಅಯೋಡಿನ್‌ನಿಂದ ಒರೆಸಿ, ದಿನದ ಬಹುಪಾಲು ಬೆಚ್ಚಗಿನ ಒಣ ಜಾಗದಲ್ಲಿ ಇಡಬೇಕು. ಎಣ್ಣೆ, ಅರಿಶಿನ ಮೆತ್ತಿ ಮುಚ್ಚಿದರೆ ಒಳಗೇ ಕೀವಾಗುತ್ತೆ.

ಮನೆಮದ್ದಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮಕ್ಕಳಿಗೆ ತಂದು ಉಳಿದ ಕ್ಯಾಪ್ಸೂಲ್ ಬಿಚ್ಚಿ ತೊಟ್ಟಿಯ ನೀರಿಗೆ ಉದುರಿಸುವುದು, ಪ್ಯಾರಾಸಿಟಮಾಲ್, ಕೆಮ್ಮಿನ ಸಿರಪ್, ವಿಕ್ಸ್ ಸವರುವುದು ಯಾವುದೂ ಬೇಡ. ನೀರಿಗೆ ಹಾಕಿದ ಔಷಧಿ ಆಮೆಯ ಶ್ವಾಸಕೋಶಕ್ಕೆ ಬೇಕಾದಷ್ಟು ತಲುಪೋದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಐವರ್ಮೆಕ್ಟಿನ್. ದನ, ಆಡು, ನಾಯಿಗಳ ಹುಳು-ಉಣ್ಣೆಗೆ ಕೊಡುವ ಈ ಔಷಧಿ ಹಳ್ಳಿಯ ಮೆಡಿಕಲ್‌ನಲ್ಲೂ ಸಿಗುತ್ತೆ. ಆಮೆಗೆ ಅದು ವಿಷ. ಕೈಕಾಲು ಸೋತು ಉಸಿರು ನಿಲ್ಲುತ್ತೆ. ಯಾರೇ 'ಜಂತಿನ ಸೂಜಿ ಹಾಕಿಬಿಡೋಣ' ಅಂದ್ರೂ ಔಷಧಿಯ ಹೆಸರು ಕೇಳಿ ನೋಡಿ.

ಮುಚ್ಚಿಟ್ಟು ಸಾಕುವವರಿಗೆ

ಈ ಮಾತು ಸ್ವಲ್ಪ ಕಹಿ. ನಿಮ್ಮ ಮನೆಯಲ್ಲಿರುವುದು ಬೆನ್ನ ಮೇಲೆ ಹಳದಿ ನಕ್ಷತ್ರದ ಚಿತ್ತಾರವಿರುವ ನಕ್ಷತ್ರ ಆಮೆಯೋ, ಬಾವಿ-ಕೆರೆಯಲ್ಲಿ ಸಿಕ್ಕ ಮೆತ್ತನೆ ಅಂಚಿನ ನಮ್ಮೂರ ಆಮೆಯೋ ಆಗಿದ್ದರೆ ಅದನ್ನು ಸಾಕುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ಇವೆರಡೂ ಒಂದನೇ ಪರಿಚ್ಛೇದದಲ್ಲಿವೆ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 'ಅದೃಷ್ಟ ತರುತ್ತೆ' ಅಂತ ಯಾರೋ ಕೊಟ್ಟಿದ್ದನ್ನು ದೇವರಮನೆ ಪಕ್ಕ ಇಟ್ಟುಕೊಂಡವರಿಗೆ ಇದು ಗೊತ್ತೇ ಇರೋದಿಲ್ಲ. ಗೊತ್ತಾದವರು ಹೆದರಿ ವೈದ್ಯರ ಹತ್ತಿರವೂ ಹೋಗದೆ ಬಚ್ಚಲಲ್ಲಿ ಮುಚ್ಚಿಟ್ಟು, ಯಾರ ಯಾರದೋ ಮಾತು ಕೇಳಿ ಮದ್ದು ಹಾಕುತ್ತಾರೆ. ಕೊನೆಗೆ ಸಾಯುವುದು ಆಮೆ.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವೇ ಹೋಗಿ ಒಪ್ಪಿಸಿ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಗಾಯಗೊಂಡ ಕಾಡುಜೀವಿಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತೆ. ನಕ್ಷತ್ರ ಆಮೆಗಳ ಕಳ್ಳಸಾಗಣೆ ಎಷ್ಟು ದೂರ ಹಬ್ಬಿದೆ ಅಂದ್ರೆ, ಸಿಂಗಪುರದಲ್ಲಿ ಸಿಕ್ಕಿಬಿದ್ದಿದ್ದ 51 ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತರಬೇಕಾಯಿತು. ಬಂದ ಕೂಡಲೇ ಕಾಡಿಗೆ ಬಿಡಲಿಲ್ಲ, ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಬೇಕಿತ್ತು. ಸೆರೆಯಲ್ಲಿದ್ದ ಆಮೆ ಕಾಯಿಲೆಯನ್ನು ಹೊತ್ತು ಹೋದರೆ ಕಾಡಿನ ಆಮೆಗಳಿಗೂ ಹರಡೀತು ಅನ್ನೋದೇ ಕಾರಣ.

ಇದೇ ಕಾರಣಕ್ಕೆ, ಸಾಕಿ ಸಾಕಾಯಿತು ಅಂತ ಸ್ಲೈಡರನ್ನು ಕೆರೆಗೋ ಹೊಳೆಗೋ ಬಿಡಬೇಡಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಿಸಿಲು ಕಾಯುವ ಜಾಗ, ಊಟ ಎಲ್ಲವನ್ನೂ ನಮ್ಮ ಕೃಷ್ಣೆ, ಘಟಪ್ರಭೆಯ ಆಮೆಗಳಿಂದ ಕಿತ್ತುಕೊಳ್ಳುತ್ತೆ. 'ನದಿಗೆ ಬಿಟ್ಟರೆ ಪುಣ್ಯ' ಅನ್ನೋದು ಈ ಆಮೆಗೆ ಅನ್ವಯಿಸೋದಿಲ್ಲ.

ವೈದ್ಯರನ್ನು ಎಲ್ಲಿ ಹುಡುಕೋದು ಅಂತೀರಾ? ದೊಡ್ಡ ಊರುಗಳಲ್ಲಿ ಪಕ್ಷಿ-ಸರೀಸೃಪ ನೋಡುವ ಖಾಸಗಿ ವೈದ್ಯರಿದ್ದಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮೂರಿನ ವೈದ್ಯರಿಗೆ ಆಮೆಯ ಅನುಭವ ಇಲ್ಲದಿದ್ದರೆ ಅಲ್ಲಿಯವರ ಜೊತೆ ಫೋನಿನಲ್ಲಿ ಮಾತಾಡಲು ಕೇಳಿ. ಹೋಗುವಾಗ ಆಮೆಯ ಜೊತೆ ಅದು ತಿನ್ನುವ ಊಟದ ಪ್ಯಾಕೆಟ್ಟು, ತೊಟ್ಟಿಯ ಒಂದು ಫೋಟೊ, ನೀರಿನ ಶಾಖ ಬರೆದ ಚೀಟಿ ಒಯ್ಯಿರಿ. ಪ್ರಯಾಣದಲ್ಲಿ ನೀರು ತುಂಬಿಸಬೇಡಿ, ಒದ್ದೆ ಟವೆಲ್ ಹಾಸಿದ, ಗಾಳಿಯಾಡುವ ಡಬ್ಬಿ ಸಾಕು.

ಇನ್ನು ಆರೈಕೆ ಮಾಡುವವರ ಆರೋಗ್ಯ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ, ತೊಟ್ಟಿಯ ನೀರಿನಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳಿಗೆ ಇದರಿಂದ ಜ್ವರ, ವಾಂತಿಭೇದಿ ಹರಡಿದ್ದಕ್ಕೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದರು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಆಮೆಯನ್ನು ಮುಟ್ಟದಿರುವುದೇ ಲೇಸು. ಉಳಿದವರು ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಿರಿ. ತೊಟ್ಟಿಯನ್ನು, ಆಮೆ ಕೂರುವ ಕಲ್ಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಅದಕ್ಕೆ ಬೇರೆ ಬ್ರಷ್, ಬೇರೆ ಬಕೆಟ್ ಇರಲಿ, ಹೊಲಸು ನೀರನ್ನು ಬಚ್ಚಲಿಗೇ ಸುರಿಯಿರಿ.